ನಶೆ ಬಿಡಿಸಲು ಊರಿಗೆ ಕಳಿಸುವ ಮುನ್ನ

ಮನೆಯ ಮಗನೋ, ಗಂಡನೋ, ತಮ್ಮನೋ ನಶೆಗೆ ಬಿದ್ದಿರುವುದು ಗೊತ್ತಾದಾಗ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಮನೆಗಳಲ್ಲಿ ಮೊದಲು ಕೇಳಿಬರುವ ಸಲಹೆ ಇದು: "ಊರಿಗೆ ಕಳಿಸಿಬಿಡಿ, ಎಲ್ಲ ಸರಿಹೋಗುತ್ತದೆ." ಈ ಸಲಹೆಯಲ್ಲಿ ಅರ್ಥವಿಲ್ಲದೆ ಇಲ್ಲ. ಕೆಟ್ಟ ಸಹವಾಸ ತಪ್ಪುತ್ತದೆ, ಮಾಲು ಸಿಗುವ ಜಾಗ ದೂರವಾಗುತ್ತದೆ, ಅಜ್ಜಿ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ.

ಆದರೆ ದೇಹಕ್ಕೆ ಅದರದ್ದೇ ಒಂದು ಲೆಕ್ಕವಿದೆ. ನಶೆ ನಿಲ್ಲಿಸಿದ ಮೊದಲ ಕೆಲವು ದಿನಗಳು ಅಪಾಯದವು. ಬಿಟ್ಟವರು ಮರಳಿ ಶುರುಮಾಡುವ ದಿನ ಅದಕ್ಕಿಂತಲೂ ಅಪಾಯದ್ದಾಗಿರಬಹುದು. ಯಾವ ದಿನ ಏನಾಗಬಹುದು ಎಂಬುದು ಅವರು ಏನನ್ನು ತೆಗೆದುಕೊಳ್ಳುತ್ತಿದ್ದರು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿ: ಏನು, ಎಷ್ಟು, ಕೊನೆಯ ಸಲ ಯಾವಾಗ?

ಇದು ನಿಮ್ಮ ಮನೆಯ ಕಥೆ ಮಾತ್ರವಲ್ಲ

ದೆಹಲಿಯ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ವ್ಯಸನ ಚಿಕಿತ್ಸಾ ಕೇಂದ್ರವು ಕೇಂದ್ರ ಸರ್ಕಾರಕ್ಕಾಗಿ ನಡೆಸಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಚಿಕಿತ್ಸೆಯ ನೆರವು ಬೇಕು. ಅಫೀಮಿನ ಜಾತಿಯ ವಸ್ತುಗಳನ್ನು ಬಳಸುವವರು ಸುಮಾರು 2.26 ಕೋಟಿ. ವೈದ್ಯರ ಸಲಹೆಯಿಲ್ಲದೆ ನಿದ್ರೆಯ ಅಥವಾ ಮಂಪರಿನ ಮಾತ್ರೆ ನುಂಗುವವರು ಸುಮಾರು 1.18 ಕೋಟಿ. ಮದ್ಯದ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಬೇರೆ ಮಾದಕ ವಸ್ತುಗಳ ಚಟವಿದ್ದವರಲ್ಲಿ 20ಕ್ಕೆ ಒಬ್ಬರು.

ನಮ್ಮ ಭಾಗದಲ್ಲಿ ಎಂ.ಡಿ. ಎಂದು ಕರೆಯುವ ಮೆಫೆಡ್ರೋನ್ ಹಿಡಿದ ಸುದ್ದಿಯನ್ನು ನೀವು ಆಗಾಗ ಪತ್ರಿಕೆಯಲ್ಲಿ ಓದಿರುತ್ತೀರಿ. 2025ರ ಜನವರಿಯಲ್ಲಿ ನವಿಮುಂಬಯಿ ಪೊಲೀಸರು ನಶಾಮುಕ್ತಿ ಅಭಿಯಾನವನ್ನೇ ಶುರುಮಾಡಿದರು. ಆದರೆ ಪೊಲೀಸರು ಹಿಡಿಯುವ ಪುಡಿ ಈ ಸಮಸ್ಯೆಯ ಒಂದು ತುದಿ ಮಾತ್ರ. ಇನ್ನೊಂದು ತುದಿ ಮನೆಯ ಔಷಧದ ಡಬ್ಬಿಯಲ್ಲಿ, ಕೆಮ್ಮಿನ ಸಿರಪ್ಪಿನ ಬಾಟಲಿಯಲ್ಲಿ, ದಿಂಬಿನ ಕೆಳಗಿನ ಮಾತ್ರೆ ಸ್ಟ್ರಿಪ್ಪಿನಲ್ಲಿ ಇದೆ.

ನಿಲ್ಲಿಸಿದರೆ ದೇಹ ಯಾಕೆ ತಿರುಗಿಬೀಳುತ್ತದೆ?

ಘಾಟಿ ಇಳಿಯುವ ಬಸ್ಸನ್ನು ನೆನಪಿಸಿಕೊಳ್ಳಿ. ಮದ್ಯ ಮತ್ತು ನಿದ್ರೆ ಮಾತ್ರೆಗಳು ಮೆದುಳಿನ ಬ್ರೇಕನ್ನು ಸದಾ ಒತ್ತಿ ಹಿಡಿಯುತ್ತವೆ. ದಿನವೂ ಹೀಗಾದರೆ ಮೆದುಳು ಸುಮ್ಮನಿರುವುದಿಲ್ಲ. ಕೆಲಸ ನಡೆಯಬೇಕಲ್ಲ, ಅದಕ್ಕಾಗಿ ತನ್ನ ಕಡೆಯಿಂದ ವೇಗ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿಯೇ ಮೊದಲು ಒಂದು ಪೆಗ್ಗಿಗೆ ಬರುತ್ತಿದ್ದ ಅಮಲಿಗೆ ಈಗ ನಾಲ್ಕು ಬೇಕಾಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಬ್ರೇಕ್ ತೆಗೆದರೆ ಹೆಚ್ಚಿಸಿಕೊಂಡ ವೇಗ ಹಾಗೇ ಉಳಿಯುತ್ತದೆ. ಕೈನಡುಕ, ಬೆವರು, ಎದೆಬಡಿತ, ನಿದ್ರೆ ಬಾರದಿರುವುದು, ಕೆಲವರಿಗೆ ಫಿಟ್ಸ್ ಬರುವುದು ಇದರಿಂದಲೇ. ಇದನ್ನೇ ವೈದ್ಯರು ವಿಡ್ರಾಯಲ್ ಎನ್ನುತ್ತಾರೆ.

ಇದು ನಾಟಕವಲ್ಲ, ಹಠವೂ ಅಲ್ಲ. "ಮನಸ್ಸು ಮಾಡಿದರೆ ಬಿಡಬಹುದು" ಎಂಬ ಮಾತು ಅರ್ಧ ಸತ್ಯ. ಬಿಡಲು ಮನಸ್ಸು ಬೇಕು, ನಿಜ. ಆದರೆ ಫಿಟ್ಸ್ ತಡೆಯಲು ಮನಸ್ಸು ಸಾಲದು, ಔಷಧ ಬೇಕು.

ಯಾವುದನ್ನು ನಿಲ್ಲಿಸಿದರೆ ಏನಾಗುತ್ತದೆ?

*ಮದ್ಯ.* ದಿನವೂ ಹೆಚ್ಚು ಕುಡಿಯುವವರಲ್ಲಿ ಕೊನೆಯ ಗ್ಲಾಸಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ವಾಂತಿ, ಚಡಪಡಿಕೆ ಶುರುವಾಗಬಹುದು. 6ರಿಂದ 48 ಗಂಟೆಯ ನಡುವೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಜ್ವರ, ಗೊಂದಲ, ಇಲ್ಲದ ಹುಳು ಹುಪ್ಪಟೆ ಕಾಣುವುದು, ಮನೆಯವರ ಗುರುತು ಸಿಗದಿರುವುದು ಅದರ ಲಕ್ಷಣ. ಇದಕ್ಕೆ ಆಸ್ಪತ್ರೆಯೇ ಬೇಕು, ತಡವಾದರೆ ಜೀವಕ್ಕೇ ಅಪಾಯ. ವೈದ್ಯರು ಕೆಲವು ದಿನಗಳ ಮಟ್ಟಿಗೆ ಅಳತೆ ಮಾಡಿದ ಔಷಧವನ್ನೂ ಬಿ1 ಜೀವಸತ್ವವನ್ನೂ ಕೊಟ್ಟು ಈ ಹಂತ ದಾಟಿಸುತ್ತಾರೆ.

*ನಿದ್ರೆ ಮತ್ತು ಆತಂಕದ ಮಾತ್ರೆಗಳು.* ಆಲ್ಪ್ರಜೋಲಾಮ್, ನೈಟ್ರಜೆಪಾಮ್, ಡಯಾಜೆಪಾಮ್, ಕ್ಲೊನಜೆಪಾಮ್ ಈ ಗುಂಪಿನವು. ಮುಂಬಯಿ ಕಡೆಯ ಹುಡುಗರು ಇಂಥ ಮಾತ್ರೆಗೆ ಬಟನ್ ಎನ್ನುತ್ತಾರೆ. ಇವುಗಳನ್ನೂ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಆಲ್ಪ್ರಜೋಲಾಮಿನಲ್ಲಿ ತೊಂದರೆ ಒಂದೆರಡು ದಿನದಲ್ಲೇ ಕಾಣುತ್ತದೆ. ಡಯಾಜೆಪಾಮ್ ದೇಹದಿಂದ ನಿಧಾನ ಹೊರಹೋಗುವುದರಿಂದ ತೊಂದರೆ ಕಾಣಲು ವಾರವೇ ಹಿಡಿಯಬಹುದು. "ನಾಲ್ಕು ದಿನ ಆಯಿತು, ಏನೂ ಆಗಲಿಲ್ಲ" ಎಂದು ಮನೆಯವರು ನಿರಾಳರಾಗುವ ಹೊತ್ತಿಗೆ ಅದು ಬಂದೀತು. ಚಿಕಿತ್ಸೆ ಎಂದರೆ ವೈದ್ಯರ ಲೆಕ್ಕದಂತೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಪ್ರಮಾಣ ಇಳಿಸುತ್ತ ಹೋಗುವುದು.

*ಗರ್ದ್, ಕೊಡೀನ್ ಸಿರಪ್, ಟ್ರಮಡಾಲ್.* ಗರ್ದ್ ಎಂದರೆ ಬ್ರೌನ್ ಶುಗರ್, ಅಶುದ್ಧ ಹೆರಾಯಿನ್. ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿರುವ ಕೊಡೀನ್ ಅದೇ ಕುಟುಂಬದ್ದು. ಅದರ ಒಂದು ಭಾಗ ಯಕೃತ್ತಿನಲ್ಲಿ ಮಾರ್ಫಿನ್ ಆಗಿ ಬದಲಾಗುತ್ತದೆ. ಗರ್ದ್ ಬಿಟ್ಟ 8ರಿಂದ 12 ಗಂಟೆಯಲ್ಲಿ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಮೈ ಮುಳ್ಳೇಳುವುದು, ಕಾಲು ಸೆಳೆತ, ಭೇದಿ ಶುರುವಾಗುತ್ತದೆ. ಎರಡು ಮೂರನೇ ದಿನ ಹೆಚ್ಚಾಗಿ, ವಾರದ ಹೊತ್ತಿಗೆ ಇಳಿಯುತ್ತದೆ. ಈ ಯಾತನೆ ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ, ಆದರೆ ಮರಳಿ ನಶೆಗೆ ಎಳೆದೊಯ್ಯುತ್ತದೆ. ಬ್ಯುಪ್ರೆನಾರ್ಫಿನ್ ಎಂಬ ಔಷಧವನ್ನು ವೈದ್ಯರ ಕಣ್ಣಳತೆಯಲ್ಲಿ ಕೊಟ್ಟು ಇದನ್ನು ತಗ್ಗಿಸುತ್ತಾರೆ. "ಒಂದು ನಶೆ ಬಿಡಿಸಿ ಇನ್ನೊಂದು ಹಚ್ಚುತ್ತಾರೆ" ಎಂದು ಇದನ್ನು ಮಧ್ಯದಲ್ಲಿ ನಿಲ್ಲಿಸಬೇಡಿ. ಟ್ರಮಡಾಲ್ ವಿಷಯದಲ್ಲಿ ಇನ್ನೊಂದು ಎಚ್ಚರ: ಹೆಚ್ಚು ನುಂಗಿದರೆ ಅದೇ ಫಿಟ್ಸ್ ತರಬಲ್ಲದು.

*ಎಂ.ಡಿ.* ಇದು ಬ್ರೇಕ್ ಅಲ್ಲ, ವೇಗ ಹೆಚ್ಚಿಸುವ ವಸ್ತು. ತೆಗೆದುಕೊಂಡಾಗ ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತದೆ, ಮೈ ಕಾಯುತ್ತದೆ, ನಿದ್ರೆ ಹಸಿವು ಹೋಗುತ್ತದೆ, ಯಾರೋ ಬೆನ್ನಟ್ಟುತ್ತಿದ್ದಾರೆ ಎಂಬ ಸಂಶಯ ಬರುತ್ತದೆ. ನಿಲ್ಲಿಸಿದಾಗ ಎಲ್ಲವೂ ಕುಸಿಯುತ್ತದೆ. ವಿಪರೀತ ಸುಸ್ತು, ನಿದ್ರೆ, ಖಿನ್ನತೆ, ಕೆಲವರಲ್ಲಿ ಸಾಯುವ ಯೋಚನೆ. ಇದನ್ನು ಬಿಡಿಸಲೆಂದೇ ಇರುವ ಮಾತ್ರೆ ಇಲ್ಲ. ಲಕ್ಷಣಕ್ಕೆ ತಕ್ಕ ಔಷಧ, ಆಪ್ತಸಲಹೆ ಮತ್ತು ಮೊದಲ ವಾರಗಳಲ್ಲಿ ಒಬ್ಬರೇ ಇರದಂತೆ ನೋಡಿಕೊಳ್ಳುವುದು ಮುಖ್ಯ.

*ಗಾಂಜಾ ಮತ್ತು ವೈಟ್ನರ್.* ದಿನವೂ ಗಾಂಜಾ ಸೇದುವವರು ಬಿಟ್ಟಾಗ ಸಿಡುಕು, ನಿದ್ರಾಹೀನತೆ ಸಹಜ. ಭ್ರಮೆ, ಸಂಶಯ ಕಂಡರೆ ಮನೋವೈದ್ಯರನ್ನು ನೋಡಲೇಬೇಕು. ವೈಟ್ನರ್, ಅಂಟು ಮೂಸುವುದು ಹೆಚ್ಚಾಗಿ ಮಕ್ಕಳಲ್ಲಿ ಕಂಡುಬರುತ್ತದೆ. ಇದು ಮೊದಲ ಸಲ ಮೂಸಿದಾಗಲೂ ಹೃದಯ ನಿಲ್ಲಿಸಬಲ್ಲದು.

ಈಗ ರೈಲಿನ ಲೆಕ್ಕ ಹಾಕಿ

ದಿನವೂ ಕುಡಿಯುವವರನ್ನು ಬೆಳಿಗ್ಗೆಯಿಂದ ಕುಡಿಯಲು ಬಿಡದೆ ಮಧ್ಯಾಹ್ನ ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿಸಿದಿರಿ ಎಂದುಕೊಳ್ಳಿ. ರೈಲು ಮಂಗಳೂರು ಸೇರುವುದು ಮರುದಿನ ಬೆಳಿಗ್ಗೆ. ನಡುಕ ಏರುವ, ಫಿಟ್ಸ್ ಬರಬಹುದಾದ ಗಂಟೆಗಳೆಲ್ಲ ಕೊಂಕಣದ ಸುರಂಗಗಳ ನಡುವೆ, ರಾತ್ರಿಯಲ್ಲಿ ಕಳೆಯುತ್ತವೆ. ಕಲ್ಯಾಣಿನಲ್ಲಿ ಉದ್ಯಾನ್ ಹತ್ತಿ ಕಲಬುರಗಿ, ರಾಯಚೂರಿನ ಕಡೆ ಹೋಗುವವರಿಗೂ ಇದೇ ಮಾತು. ಊರು ಸೇರಿದ ಮೇಲೂ ಸನ್ನಿಯ ದಿನಗಳು ಇನ್ನೂ ಮುಂದಿರುತ್ತವೆ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ಅಲ್ಲಿ ರಾತ್ರಿ ವೈದ್ಯರಿರುತ್ತಾರೆಯೇ ಎಂಬುದನ್ನು ಯೋಚಿಸಿ.

ಆದ್ದರಿಂದ ಮೊದಲು ಇಲ್ಲೇ ವೈದ್ಯರಿಗೆ ತೋರಿಸಿ, ವಿಡ್ರಾಯಲ್ ದಾಟಿಸಿ, ಆಮೇಲೆ ಕಳಿಸಿ. ಊರಿನ ಮದ್ಯವರ್ಜನ ಶಿಬಿರಕ್ಕೆ ಸೇರಿಸುವ ಯೋಚನೆಯಿದ್ದರೂ ಎಷ್ಟು ಕುಡಿಯುತ್ತಿದ್ದರು, ಹಿಂದೆ ಫಿಟ್ಸ್ ಬಂದಿತ್ತೇ, ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇದೆಯೇ ಎಂಬುದನ್ನು ಮೊದಲೇ ತಿಳಿಸಿ.

ಮರಳಿ ಬಂದ ದಿನದ ಅಪಾಯ

ಇದನ್ನು ಬಹಳ ಮನೆಗಳಲ್ಲಿ ಯಾರೂ ಹೇಳಿರುವುದಿಲ್ಲ. ಎರಡು ತಿಂಗಳು ಊರಿನಲ್ಲಿ ನಶೆಯಿಲ್ಲದೆ ಇದ್ದವರ ದೇಹ ಹಳೆಯ ಸಹಿಷ್ಣುತೆಯನ್ನು ಕಳೆದುಕೊಂಡಿರುತ್ತದೆ. ನೆನಪು ಮಾತ್ರ ಹಳೆಯ ಪ್ರಮಾಣವನ್ನೇ ಹೇಳುತ್ತದೆ. ಗರ್ದ್ ಅಥವಾ ಅದೇ ಜಾತಿಯ ಔಷಧವನ್ನು ಹಿಂದಿನಷ್ಟೇ ತೆಗೆದುಕೊಂಡರೆ ಉಸಿರಾಟ ನಿಧಾನವಾಗಿ ನಿಂತೇಹೋಗಬಹುದು. ಜೊತೆಗೆ ಮದ್ಯ ಅಥವಾ ನಿದ್ರೆ ಮಾತ್ರೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಜೈಲಿನಿಂದ, ವ್ಯಸನಮುಕ್ತಿ ಕೇಂದ್ರದಿಂದ ಹೊರಬಂದವರಿಗೂ ಇದು ಅನ್ವಯಿಸುತ್ತದೆ. ಈ ಮಾತನ್ನು ಅವರಿಗೆ ನೇರವಾಗಿ ಹೇಳಿ. ಹೇಳಿದರೆ ನೆನಪಿಸಿಕೊಟ್ಟಂತಾಗುತ್ತದೆ ಎಂದು ಹೆದರಬೇಡಿ.

ಎಬ್ಬಿಸಿದರೂ ಏಳದಿರುವುದು, ವಿಚಿತ್ರ ಗೊರಕೆ, ಅಪರೂಪಕ್ಕೊಮ್ಮೆ ಉಸಿರು, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟು ಚಿಕ್ಕದಾದ ಕಣ್ಣಿನ ಪಾಪೆ ಕಂಡರೆ ಕೂಡಲೇ 108ಕ್ಕೆ ಕರೆಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲೇ ಇರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. "ಮಲಗಿ ಎದ್ದರೆ ಇಳಿಯುತ್ತದೆ" ಎಂದು ಬಾಗಿಲು ಮುಚ್ಚಿ ಹೋಗಬೇಡಿ. ಏನು ತೆಗೆದುಕೊಂಡರು ಎಂಬುದನ್ನು ಆಸ್ಪತ್ರೆಯಲ್ಲಿ ಮುಚ್ಚಿಡದೆ ಹೇಳಿದರೆ ನಲೊಕ್ಸೋನ್ ಎಂಬ ಪ್ರತಿಔಷಧವನ್ನು ಬೇಗ ಕೊಡಲು ಸಾಧ್ಯ.

ಸ್ಟ್ರಿಪ್, ಬಾಟಲಿ ಬಿಸಾಡಬೇಡಿ

ಸಿಟ್ಟಿನಲ್ಲಿ ಮನೆಯವರು ಸಿಕ್ಕಿದ್ದನ್ನೆಲ್ಲ ಕಸಕ್ಕೆ ಹಾಕುತ್ತಾರೆ. ಖಾಲಿ ಸ್ಟ್ರಿಪ್ಪನ್ನೂ ಬಾಟಲಿಯನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರ ಬಳಿಗೆ ಒಯ್ಯಿರಿ. ಅದರಲ್ಲಿ ಔಷಧದ ಹೆಸರೂ ಪ್ರಮಾಣವೂ ಇರುತ್ತದೆ. ಕೊಡೀನ್, ಟ್ರಮಡಾಲ್, ಆಲ್ಪ್ರಜೋಲಾಮ್, ನೈಟ್ರಜೆಪಾಮ್ ಎಲ್ಲ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಈ ನಿಯಮದಂತೆ ಚೀಟಿಯಿಲ್ಲದೆ ಇವುಗಳನ್ನು ಮಾರುವಂತಿಲ್ಲ. ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಪ್ಯಾಕಿನ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರುತ್ತದೆ.

ಮನೆಯ ಹಿರಿಯರಿಗೆ ಕೊಟ್ಟ ನಿದ್ರೆ ಮಾತ್ರೆಯನ್ನು ಎಣಿಸಿಡಿ, ಬೀಗದಲ್ಲಿಡಿ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರಿಸಬೇಡಿ.

ಕನ್ನಡದಲ್ಲಿ ಯೋಚಿಸಿ, ಮರಾಠಿಯಲ್ಲಿ ಹೇಳಬೇಕಾದಾಗ

ಆಸ್ಪತ್ರೆಯಲ್ಲಿ "ಡ್ರಗ್ಸ್ ತೆಗೆದುಕೊಳ್ಳುತ್ತಾರಾ?" ಎಂದು ಕೇಳಿದರೆ "ಇಲ್ಲ" ಎನ್ನುತ್ತೇವೆ. ನಮ್ಮ ಮನಸ್ಸಿನಲ್ಲಿ ಡ್ರಗ್ಸ್ ಎಂದರೆ ಪುಡಿ, ಸೂಜಿ. ಸಿರಪ್ಪು ಡ್ರಗ್ಸ್ ಅಲ್ಲ, ಗೋಲಿ ಡ್ರಗ್ಸ್ ಅಲ್ಲ, ದಾರೂ ಬೇರೆಯೇ. "ಯಾವ ಔಷಧ ನಡೆಯುತ್ತಿದೆ?" ಎಂದು ಕೇಳಿದರೂ "ಯಾವುದೂ ಇಲ್ಲ" ಎನ್ನುತ್ತೇವೆ. ಹೀಗೆ ಎರಡು ಪ್ರಶ್ನೆಗಳ ನಡುವಿನ ಸಂದಿಯಲ್ಲಿ ನಿಜ ಸಂಗತಿ ಜಾರಿಹೋಗುತ್ತದೆ.

"ಶೇವಟಚಂ ಕಧೀ ಘೇತಲಂ?" ಎಂದರೆ ಕೊನೆಯ ಸಲ ಯಾವಾಗ ತೆಗೆದುಕೊಂಡರು ಎಂದು. "ಝಟಕಾ ಆಲಾ ಹೋತಾ ಕಾ?" ಎಂದರೆ ಫಿಟ್ಸ್ ಬಂದಿತ್ತೇ ಎಂದು. ಇವೆರಡಕ್ಕೂ ಸರಿಯಾದ ಉತ್ತರ ಕೊಟ್ಟರೆ ಅರ್ಧ ಕೆಲಸ ಆದಂತೆ. ಹೋಗುವ ಮೊದಲು ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ:

- ತೆಗೆದುಕೊಳ್ಳುವ ಪ್ರತಿಯೊಂದು ವಸ್ತು: ಮದ್ಯ, ಮಾತ್ರೆ, ಸಿರಪ್, ಪುಡಿ, ಗಾಂಜಾ
- ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ
- ಕೊನೆಯ ಸಲದ ದಿನ ಮತ್ತು ಗಂಟೆ
- ಹಿಂದೆ ಬಿಟ್ಟಾಗ ಏನಾಗಿತ್ತು: ಫಿಟ್ಸ್, ಸನ್ನಿ, ಸಾಯುವ ಮಾತು
- ಸೂಜಿ ಬಳಸುತ್ತಿದ್ದರೇ? ಹೌದಾದರೆ ಎಚ್.ಐ.ವಿ. ಮತ್ತು ಹೆಪಟೈಟಿಸ್ ಪರೀಕ್ಷೆಯೂ ಆಗಬೇಕು
- ಬೇರೆ ಕಾಯಿಲೆ, ಬೇರೆ ಔಷಧಗಳು

ಹೋಟೆಲಿನಲ್ಲಿ ಕೆಲಸ ಮಾಡುತ್ತ ಅಲ್ಲೇ ಮಲಗುವ ಹುಡುಗರಿಗೆ ಮಾಲೀಕರೂ ಜೊತೆಗಾರರೂ ಮನೆಯವರಿದ್ದಂತೆ. ಈ ಹಾಳೆ ಅವರೂ ಬರೆಯಬಹುದು.

ಹೇಳದೆ ಬೆರೆಸುವ ಪುಡಿ ಬೇಡ

"ಕುಡಿಯುವವರಿಗೆ ತಿಳಿಯದಂತೆ ದಾರೂ ಬಿಡಿಸಿ" ಎಂಬ ಜಾಹೀರಾತಿಗೆ ಮಾರುಹೋಗಬೇಡಿ. ಅಂಥ ಪುಡಿಯಲ್ಲಿ ಏನಿದೆ ಎಂದು ನಿಮಗೆ ಗೊತ್ತಾಗುವುದಿಲ್ಲ. ವೈದ್ಯರು ಬರೆದುಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆಯನ್ನೂ ಸಾಂಬಾರಿನಲ್ಲಿ, ಚಹಾದಲ್ಲಿ ಬೆರೆಸಿ ಕೊಡಬಾರದು. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಅಪಾಯವಾಗಬಹುದು. ಆ ಮಾತ್ರೆ ಕೆಲಸ ಮಾಡುವುದು ತಿಳಿದು, ಒಪ್ಪಿ ತೆಗೆದುಕೊಂಡವರಿಗೆ ಮಾತ್ರ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಔಷಧಗಳೂ ಇವೆ. ಯಾವುದು ಯಾರಿಗೆ ಎಂಬುದನ್ನು ಯಕೃತ್ತು, ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರೇ ಹೇಳಬೇಕು.

ಪೊಲೀಸರ ಭಯ

"ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತದೆ" ಎಂದು ಹೆದರಿ ಕೂರುವ ಮನೆಗಳು ಹಲವು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಮಾದಕ ವಸ್ತು ಸೇವನೆ ಅಪರಾಧವೇ ಹೌದು. ಆದರೆ ಅದೇ ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ಅಷ್ಟೆ. ಮಾರಾಟ ಮಾಡುವವರಿಗೆ ಈ ರಕ್ಷಣೆ ಇಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ರೋಗಿಯ ವಿವರ ಗುಟ್ಟಾಗಿರಬೇಕು. ಸರಪಳಿ ಹಾಕಿ ಕಟ್ಟುವುದಕ್ಕೆ ನಿಷೇಧವಿದೆ.

ಎಲ್ಲಿಗೆ ಹೋಗುವುದು?

ಸರ್ಕಾರಿ ವ್ಯವಸ್ಥೆಯಲ್ಲಿ ಥಾಣೆಯ ಪ್ರಾದೇಶಿಕ ಮನೋರೋಗ ಆಸ್ಪತ್ರೆ, ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ಇವೆ. ಕಲ್ಯಾಣಿನಲ್ಲಿ ರುಕ್ಮಿಣಿಬಾಯಿ, ಡೊಂಬಿವಲಿಯಲ್ಲಿ ಶಾಸ್ತ್ರಿನಗರ ಆಸ್ಪತ್ರೆ, ವಾಶಿಯಲ್ಲಿ ನವಿಮುಂಬಯಿ ಮಹಾನಗರಪಾಲಿಕೆಯ ಆಸ್ಪತ್ರೆ ಇವೆ. ಹತ್ತಿರದ ಕಡೆ ತೋರಿಸಿ, ಮನೋವೈದ್ಯರ ಹೊರರೋಗಿ ವಿಭಾಗ ಯಾವ ದಿನ, ಎಲ್ಲಿ ಎಂದು ಕೇಳಿ. ಪುಣೆಯಲ್ಲಿ 1986ರಲ್ಲಿ ಡಾ. ಅನಿಲ್ ಮತ್ತು ಡಾ. ಅನಿತಾ ಅವಚಟ್ ದಂಪತಿ ಆರಂಭಿಸಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ.

14446 ಮಾದಕ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. 14416 ಟೆಲಿ ಮಾನಸ್, ಇಲ್ಲಿ ಭಾಷೆ ಆಯ್ದುಕೊಳ್ಳುವ ಅವಕಾಶವಿದೆ, ಕನ್ನಡವೂ ಇದೆ. ಎರಡೂ ಉಚಿತ. ಮನೆಯವರೂ ಕರೆಮಾಡಬಹುದು.

ಖಾಸಗಿ ಕೇಂದ್ರಕ್ಕೆ ಸೇರಿಸುವ ಮೊದಲು ಕೇಳಿ: ನೋಂದಣಿ ಇದೆಯೇ? ವೈದ್ಯರು ಯಾರು, ದಿನವೂ ಬರುತ್ತಾರೆಯೇ? ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ? ಮನೆಯವರು ಭೇಟಿಯಾಗಬಹುದೇ, ಫೋನಿನಲ್ಲಿ ಮಾತಾಡಬಹುದೇ? "ಮೂರು ತಿಂಗಳು ನೋಡಲು ಬರಬೇಡಿ, ಹೊಡೆದು ಸರಿಮಾಡುತ್ತೇವೆ" ಎನ್ನುವ ಕಡೆಯಿಂದ ಎದ್ದು ಬನ್ನಿ.

ನಿಮ್ಮ ಆರೋಗ್ಯವೂ ಲೆಕ್ಕಕ್ಕಿದೆ

ಒಬ್ಬರ ನಶೆಯ ಭಾರವನ್ನು ಇಡೀ ಮನೆ ಹೊರುತ್ತದೆ. ಹೆಂಡತಿಯ ಬಂಗಾರ ಅಡವಿಗೆ ಹೋಗುತ್ತದೆ, ಮಗಳ ಫೀಸು ತಪ್ಪುತ್ತದೆ, ತಾಯಿ ಸೊಸೈಟಿಯ ಲಿಫ್ಟಿನಲ್ಲಿ ಯಾರ ಮುಖವನ್ನೂ ನೋಡದೆ ಇಳಿಯುತ್ತಾರೆ. ನಿಮಗೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ ನೀವೂ ವೈದ್ಯರನ್ನು ನೋಡಿ. ಹೊಡೆತ ಬಡಿತ ನಡೆದರೆ ಸಹಿಸಿಕೊಳ್ಳುವುದು ಆರೈಕೆಯಲ್ಲ, 112ಕ್ಕೆ ಕರೆಮಾಡಿ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಗುಂಪುಗಳಿವೆ.

ಮತ್ತೆ ಶುರುವಾದರೆ ಎಲ್ಲ ನೀರಿನಲ್ಲಿ ಹೋಮವಾಯಿತು ಎಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆಯಲ್ಲಿ ಸಕ್ಕರೆ ಏರಿದಾಗ ವೈದ್ಯರನ್ನು ಬದಲಾಯಿಸದೆ ಔಷಧ ಬದಲಾಯಿಸುತ್ತೇವಲ್ಲ, ಇಲ್ಲೂ ಹಾಗೆಯೇ. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ.

ಊರಿಗೆ ಕಳಿಸಬೇಡಿ ಎನ್ನುತ್ತಿಲ್ಲ. ವಿಡ್ರಾಯಲ್ ದಾಟಿದ ಮೇಲೆ ಕಳಿಸಿ. ಜೊತೆಗೆ ವೈದ್ಯರ ಚೀಟಿ, ಮುಂದಿನ ತಪಾಸಣೆಯ ದಿನಾಂಕ, ಊರಿನ ಹತ್ತಿರದ ಮನೋವೈದ್ಯರ ವಿಳಾಸ ಇರಲಿ. ಮಾತ್ರೆಗಳನ್ನು ಎಣಿಸಿ ಜವಾಬ್ದಾರಿ ಇರುವ ಒಬ್ಬರ ಕೈಯಲ್ಲಿ ಕೊಡಿ, ಮರಳಿ ಬರುವ ದಿನ ಸ್ಟೇಷನ್ನಿಗೆ ನೀವೇ ಹೋಗಿ ಕರೆತನ್ನಿ.